ಅಕ್ಕ ನೋಡದ ರೀಲು

"ನಿಮ್ಮ ಅಕ್ಕಾರು ಮಡಕಶಿರಾದಾಗ ಬಸ್ ಹತ್ಯಾರಂತ್ರಿ. ಈಗ ಫೋನ್ ಬಂತು," ಎಂದು ಕಾಲೇಜಿನ ವಿದ್ಯಾಶ್ರೀ ಮೇಡಂ ಕೆಲಸದ ಜಾಗಕ್ಕೇ ಬಂದು ಹೇಳಿದಾಗ, ಅಂಜಿನಿಯ ಕೈಯಲ್ಲಿದ್ದ ಕತ್ತರಿ ದಾರವನ್ನು ಬಿಟ್ಟು ಪ್ಯಾಂಟಿನ ಬಟ್ಟೆಯನ್ನೇ ಕಚ್ಚಿತು. ರಾಯದುರ್ಗದ ಆ ಗಾರ್ಮೆಂಟ್ಸಿನಲ್ಲಿ ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವನ ಕೆಲಸ. ಹನ್ನೊಂದು ವರ್ಷಗಳಿಂದ ಅದನ್ನೇ ಮಾಡುತ್ತ ಬಂದವನು, ಅರವತ್ತೆರಡರ ಕಣ್ಣಿಟ್ಟುಕೊಂಡೂ ಒಂದು ಬಟ್ಟೆ ಹಾಳು ಮಾಡಿದವನಲ್ಲ. ಅಕ್ಕನನ್ನು ಯಾಕೆ ಕರೆಸಿದಿರಿ ಎಂದು ಕೇಳಬೇಕೆಂದುಕೊಂಡ. "ಹೂಂ" ಎಂದ. ನಿಮ್ಮಕ್ಕ ಬಸ್ಸು ಹತ್ತಿದ್ದಾಳೆ ಎನ್ನುವ ಈ ಮಾತನ್ನು ಅವನು ಬದುಕಿನಲ್ಲಿ ಇನ್ನೊಂದು ಸಲ ಕೇಳಿದ್ದ. ಆಗಲೂ ಹೂಂ ಎಂದಿದ್ದ. ತೂತು ಬಿದ್ದ ಪ್ಯಾಂಟನ್ನು ಮೇಸ್ತ್ರಿ ಯೋಗೀಶನ ಕಣ್ಣಿಗೆ ಬೀಳದಂತೆ ರಾಶಿಯ ಅಡಿಗೆ ತಳ್ಳಿದ.

ಯೋಗೀಶ ಆಗಲೇ ನೋಡಿಯಾಗಿತ್ತು. ನೋಡಿಯೂ ಬೈಯಲಿಲ್ಲ. "ಇರ್ಲಿ ಬಿಡ್ರಿ ಅಂಜಿನಣ್ಣ, ಇವತ್ತ ನಿಮ್ಮ ಸಿನಿಮಾ ಐತಲ್ಲ. ಮನಿಗೆ ಹೋಗಿ ಜಳಕ ಮಾಡ್ರಿ. ಎರಡಕ್ಕ ನಾವೂ ಬರ್ತೀವಿ," ಎಂದ. ಮೊನ್ನೆ ಮೊನ್ನೆಯವರೆಗೆ ಏಯ್ ಮುದುಕ ಎನ್ನುತ್ತಿದ್ದವನು. ಎಲ್ಲ ಆ ಪೋಸ್ಟರಿನ ಕೃಪೆ. ಗೇಟಿನ ಎದುರಿನ ಗೋಡೆಯ ಮೇಲೆ ಅಂಜಿನಿಯದೇ ಮುಖ ಅಂಟಿಕೊಂಡಿತ್ತು. ಇಪ್ಪತ್ತಮೂರರ ಮುಖ, ಡಾಂಬರಿನಷ್ಟು ಕಪ್ಪು, ತಲೆಯ ಮೇಲೆ ಗುಂಗುರು ಕೂದಲಿನ ಟೋಪನ್, ಎದೆಯ ಮುಂದೆ ಎರಡು ಕೆಂಪು ಗ್ಲೌಸು. 'ಸಿನಿಮಾ ಯಾರನ್ನು ತೋರಿಸುತ್ತದೆ, ಹೇಗೆ ತೋರಿಸುತ್ತದೆ?' ಎಂದು ಮೇಲೆ ಬರೆದಿತ್ತು. ಕೆಳಗೆ, 'ಅತಿಥಿ: ಶ್ರೀ ಅಂಜಿನಿ, ಅಗಳಿ'. ಹೆಸರಿಗೆ ಶ್ರೀ ಬಂದದ್ದು ಅದೇ ಮೊದಲು. ಪೋಸ್ಟರು ನೋಡಿದ ಸಂಜೆ ಅವನು ಆ ಗೋಡೆಯ ಮುಂದೆ ಎರಡು ಸಲ ಓಡಾಡಿ, ಮೂರನೆಯ ಸಲ ತಲೆ ತಗ್ಗಿಸಿಕೊಂಡು ಹೋಗಿದ್ದ.

ಮೇಡಂ ಒಳ್ಳೆಯವರು. ಅದೇ ತೊಂದರೆ. ಆ ಹಳೆಯ ಬಾಕ್ಸಿಂಗ್ ಸಿನಿಮಾವನ್ನು ಯಾರೋ ತೊಳೆದು ಹೊಸದು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರಂತೆ. ಅದರಲ್ಲಿದ್ದ ಕರಿಯ ಯಾರೆಂದು ಕೇಳುತ್ತ ಕೇಳುತ್ತ ಅವರು ಅಂಜಿನಿಯ ಬಾಡಿಗೆ ಕೋಣೆಯ ಬಾಗಿಲಿಗೇ ಬಂದಿದ್ದರು. ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದರು. "ನೋಡ್ರಿ, ಕೊಳಗೇರಿ ಹುಡುಗನ ಪಾತ್ರ ಮಾಡಿದ ಹೀರೋ ಹಾಲಿನಂಥ ಬಿಳಿ. ನಿಮಗ ಹೆಸರ ಇಲ್ಲ. ಆಫ್ರಿಕಾದ ಕರಿ ಹುಲಿ ಅಂತ ಒಬ್ಬಾತ ಕೂಗ್ತಾನ, ಅಷ್ಟ. ನಿಮಗ ಒಂದು ಮಾತಿಲ್ಲ. ಗುರ್ ಅಂತೀರಿ, ಆ ಗುರ್ ಅನ್ನೋದೂ ನಿಮ್ಮ ದನಿ ಅಲ್ಲ. ಕೊನಿಗೆ ಹೆಸರು ಬರ್ತಾವಲ್ಲ, ಅದ್ರಾಗ ನೀವು 'ಮತ್ತು ಇತರರು'. ನಿಮಗೂ ಅನ್ಯಾಯ ಆಗೇದ, ಆಫ್ರಿಕಾದ ಮಂದಿಗೂ ಅನ್ಯಾಯ ಆಗೇದ. ಹೌದಿಲ್ರಿ?" ಅಂಜಿನಿ ಹೌದ್ರಿ ಎಂದಿದ್ದ. ಇಷ್ಟು ವರ್ಷಗಳಲ್ಲಿ ನಿನಗೆ ಅನ್ಯಾಯವಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಅವರು ಆ ಅನ್ಯಾಯವನ್ನು ಬಿಡಿಸಿ ಹೇಳಿದಷ್ಟೂ ಹೊತ್ತು ಅವನಿಗೆ ತಾನು ಮಾಡಿದ ಅನ್ಯಾಯವೇ ಕಣ್ಣ ಮುಂದಿತ್ತು. "ಕೊನೇ ರೀಲೊಂದು ಬಿಟ್ಟು ತೋರ್ಸಿ ಮೇಡಂ," ಎಂದಿದ್ದ. ಅವರು ನಕ್ಕಿದ್ದರು. "ಅದ ಮುಖ್ಯ ಅಲ್ರಿ. ಅದನ್ನ ಬಿಟ್ರ ಮಾತಾಡಾಕ ಏನೈತಿ?"

ಜಳಕ ಮಾಡುವಾಗ ಕೆನ್ನೆ ಉಜ್ಜಿಕೊಂಡ. ಬೆಂಗಳೂರಿನ ಆ ಷೂಟಿಂಗ್ ಷೆಡ್ಡಿನಲ್ಲಿ ಹೀಗೇ ಉಜ್ಜಿ ಉಜ್ಜಿ ಬಣ್ಣ ಬಿಡಿಸುತ್ತಿದ್ದ, ಸೀಮೆಎಣ್ಣೆ ಹಾಕಿದರೂ ಕಿವಿಯ ಹಿಂದೆ ಉಳಿದುಬಿಡುತ್ತಿತ್ತು. ಇಸ್ಕೂಲಿನಲ್ಲಿ ಕರಿಯ, ಸಂತೆಯಲ್ಲಿ ಕರಿಯ, ಗೋಡೌನಿನಲ್ಲಿ ಮೂಟೆ ಹೊರುವಾಗಲೂ ಕರಿಯ. ಅಂಥವನನ್ನು ಗೋಡೌನಿನಿಂದ ಕರೆಸಿ, ದೀಪದ ಕೆಳಗೆ ನಿಲ್ಲಿಸಿ ಡೈರೆಕ್ಟರು ಮುಖ ಸಿಂಡರಿಸಿ, ಇವನು ಕಪ್ಪು ಸಾಲದು ಎಂದಾಗ, ಅಂಜಿನಿಗೆ ಮೊದಲು ನಗು ಬಂತು. ಬದುಕಿನಲ್ಲಿ ಅದೊಂದಾದರೂ ಸಾಕಷ್ಟಿದೆ ಎಂದುಕೊಂಡಿದ್ದ. ಬಣ್ಣದವನು ಕುಂಚ ತಗೊಂಡು, ಬಾಗಿಲ ಚೌಕಟ್ಟಿಗೆ ಬಳಿಯುವ ಹಾಗೆ, ಹಣೆಯಿಂದ ಹೊಕ್ಕಳವರೆಗೆ ಬಳಿದ. ಆಮೇಲೆ ಡೈರೆಕ್ಟರು, ಆಫ್ರಿಕಾದವನ ಹಾಗೆ ನಿಲ್ಲು, ಕಾಡು ಮನುಷ್ಯನ ಹಾಗೆ ನೋಡು ಎಂದರು. ಆಫ್ರಿಕಾದವರನ್ನು ಅಂಜಿನಿ ಎಲ್ಲಿ ನೋಡಬೇಕು. ಕಣ್ಣು ಮುಚ್ಚಿದರೆ ಅಂಥ ಮೈಬಣ್ಣದ ಮನುಷ್ಯ ಅವನಿಗೆ ಒಬ್ಬನೇ ಕಾಣುತ್ತಿದ್ದದ್ದು. ತೋಳ ಬಂದಾಗ ಕುರಿ ಮಂದೆಯ ಮುಂದೆ ಅಪ್ಪ ನಿಲ್ಲುತ್ತಿದ್ದ ಹಾಗೆ ನಿಂತ. ಎಡಭುಜ ಸ್ವಲ್ಪ ಇಳಿಬಿಟ್ಟು, ಗದ್ದ ಎದೆಗೆ ಒತ್ತಿಕೊಂಡು, ರೆಪ್ಪೆ ಬಡಿಯದೆ ನೋಡಿದ. ಡೈರೆಕ್ಟರು ಚಪ್ಪಾಳೆ ತಟ್ಟಿದರು. ಭಯಂಕರ, ಇದೇ ಬೇಕಾಗಿದ್ದದ್ದು ಎಂದರು. ಕುರಿಗಳನ್ನು ಬಿಟ್ಟು ಯಾರನ್ನೂ ಗದರಿಸದ ಮನುಷ್ಯ ಅಪ್ಪ. ಅವತ್ತು ರಾತ್ರಿ ಅಂಜಿನಿ ಷೆಡ್ಡಿನ ಊಟವನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದ.

ಹನ್ನೆರಡೂವರೆಗೆ ಅಕ್ಕ ಬಸ್ಸಿಳಿದಳು. ರಂಗಕ್ಕನಿಗೆ ಈಗ ಎಪ್ಪತ್ತು. ಕಂಡಕ್ಟರು ಕೈ ಹಿಡಿಯಲು ಬಂದರೆ ಕೊಡವಿಕೊಂಡು, ಚೀಲವನ್ನು ಮೊದಲು ಇಳಿಸಿ ಆಮೇಲೆ ತಾನು ಇಳಿದಳು. "ಎಷ್ಟ್ ದೂರ್ಲಾ ನಿನ್ನೂರು. ಪಾವಗಡ ಅಂದ್ರು, ಕಲ್ಯಾಣದುರ್ಗ ಅಂದ್ರು, ಮುಗಿಯಂಗೇ ಇಲ್ಲ," ಎಂದಳು. ಹೊಸ ಸೀರೆ ಉಟ್ಟಿದ್ದಳು. ಯಾರದೋ ಮದುವೆಯಲ್ಲಿ ಕೊಟ್ಟದ್ದಿರಬೇಕು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅಂಜಿನಿ ಚೀಲ ತಗೊಂಡ. "ಈ ಬಿಸ್ಲಾಗೆ ಯಾಕೆ ಬರಕೋದೆ ಅಕ್ಕ. ಸಿನಿಮಾ ನೋಡಿದೀಯಲ್ಲ ನೀನು."

"ಆ ಮೇಡಮ್ಮೋರು ಊರಿಗ್ ಬಂದಿದ್ರು ಕಣೋ. ನಿಮ್ಮ ತಮ್ಮನ್ನ ಕೆಟ್ಟದಾಗಿ ತೋರ್ಸವ್ರೆ, ನಿಮಗೆ ಬೇಜಾರಾಗ್ಲಿಲ್ವ ಅಂತ ಕೇಳಿದ್ರು. ಕೆಟ್ಟದಾಗೆಲ್ಲಿ ತೋರ್ಸವ್ರೆ ತಾಯಿ, ಥೇಟು ನಮ್ಮಪ್ಪ ಇದ್ದಂಗೇ ತೋರ್ಸವ್ರೆ ಅಂದೆ. ಹಂಗಾದ್ರೆ ನೀವೂ ಬನ್ನಿ ಅಂತು ಆವಮ್ಮ." ಅಕ್ಕ ನೆರಳು ಹುಡುಕಿಕೊಂಡು ನಿಂತಳು. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. "ಅಪ್ಪಂದು ಒಂದು ಫೋಟೋ ಇಲ್ಲ. ಮುಖ ಮರ್ತೋಯ್ತಾ ಐತೆ ಕಣ್ಲಾ. ಕಣ್ಣು ಮುಚ್ಕೊಂಡ್ರೆ ಕಂಬ್ಳಿ ಕಾಣುತ್ತೆ, ಕೋಲು ಕಾಣುತ್ತೆ, ಮುಖ ಬರಾಕಿಲ್ಲ. ಸಾಯೋವಾಗಂತೂ ನೋಡ್ಲಿಲ್ಲ. ಇದಾದ್ರೂ ನೋಡಾನ ಅಂತ ಬಂದೆ."

ಅಂಜಿನಿ ಹೇಳಬೇಕಾದದ್ದು ಮೂವತ್ತೊಂಬತ್ತು ವರ್ಷಗಳಿಂದ ಬಾಯಿಯಲ್ಲೇ ಇತ್ತು. ಅಪ್ಪ ಸತ್ತ ಸುದ್ದಿ ಷೂಟಿಂಗಿನ ಜಾಗಕ್ಕೆ ಬಂದಾಗ, ಅಕ್ಕ ತನ್ನ ಗಂಡನ ಜೊತೆ ಮಂದೆ ಹೊಡೆದುಕೊಂಡು ಬೆಳುಗುಪ್ಪದ ಕಡೆ ಹೋಗಿದ್ದಳು. ಬೇಸಿಗೆಯಲ್ಲಿ ಕುರಿಯವರು ಹಾಗೆ ಹೋಗುತ್ತಾರೆ, ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾರೆ, ಇವತ್ತು ಇಲ್ಲಿದ್ದರೆ ನಾಳೆ ಇನ್ನೆಲ್ಲೋ. ಹುಡುಕಲು ಒಬ್ಬ ಆಳು ಹೋಗಿದ್ದ. ಮ್ಯಾನೇಜರು ಅಂಜಿನಿಗೆ ಒಂದೇ ದಿನ ರಜೆ ಕೊಟ್ಟಿದ್ದ. ನಾಳೆ ಕೊನೆಯ ಫೈಟು, ಮುನ್ನೂರು ಜನರನ್ನು ಕರೆಸಿದೆ, ಬೆಳಗ್ಗೆ ಆರಕ್ಕೆ ನೀನಿಲ್ಲದಿದ್ದರೆ ಇನ್ನೊಬ್ಬನಿಗೆ ಬಣ್ಣ ಬಳಿಯುತ್ತೇವೆ ಎಂದಿದ್ದ. ಅದು ಬೆದರಿಕೆಯಲ್ಲ, ನಿಜವೇ ಎಂದು ಅಂಜಿನಿಗೆ ಗೊತ್ತಿತ್ತು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಿದ್ದನಲ್ಲ, ಆ ಬಣ್ಣದ ಕೆಳಗೆ ಯಾರಿದ್ದರೂ ನಡೆಯುತ್ತಿತ್ತು. ಅಂಜಿನಿ ಬೆಳಗ್ಗೆಯೇ ಊರು ತಲುಪಿದ್ದ; ಮಧ್ಯಾಹ್ನ ಒಂದಕ್ಕೆ ಅಗಳಿಯಲ್ಲಿ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರು ಟೀ ಅಂಗಡಿಯ ಮುಂದೆ ಅಂಜಿನಿಯೊಬ್ಬನನ್ನೇ ಕಂಡು, "ನಿಮ್ಮಕ್ಕ ಕಲ್ಯಾಣದುರ್ಗದಾಗೆ ಹಿಂದಿನ ಬಸ್ಸು ಹತ್ತವ್ಳೆ, ಐದಕ್ಕೆಲ್ಲಾ ಬತ್ತಾಳೆ," ಎಂದ. ಹೂಂ ಎಂದ ಅಂಜಿನಿ. ಬೆಂಗಳೂರಿಗೆ ಮರಳಲು ಅವನು ಸಿರಾಕ್ಕೆ ಹಿಡಿಯಬೇಕಾದ ಕೊನೆಯ ಬಸ್ಸು ಮೂರಕ್ಕೆ. ಮಗಳು ಬಂದು ಮುಖ ನೋಡಿ, ಬಾಯಿಗೆ ನೀರು ಬಿಡದೆ ಅವರ ಮನೆಗಳಲ್ಲಿ ಮಣ್ಣು ಹಾಕುವುದಿಲ್ಲ. ಹಿರಿಯರು ಕೇಳಿದರು, ಹೆಣ್ಣುಮಗಳು ಎಲ್ಲಪ್ಪ ಎಂದು. ಅಂಜಿನಿ ಅವರ ಮುಖ ನೋಡಿಕೊಂಡೇ, "ಸಿಕ್ಲಿಲ್ವಂತೆ. ಮಂದೆ ಯಾವ್ ಕಡೆಗೆ ಹೋಗೈತೋ ಗೊತ್ತಿಲ್ವಂತೆ," ಎಂದ. ಎರಡೂವರೆಗೆ ಮಣ್ಣಾಯಿತು. ಅಕ್ಕ ಬಂದಾಗ ಗುಡ್ಡೆಯ ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲವಂತೆ. ಆಮೇಲೆ ಅವಳು ಕೇಳಿದಾಗ, ಬಿಸಿಲು ಕಣಕ್ಕ, ಇಡಕ್ಕಾಗ್ಲಿಲ್ಲ ಎಂದಿದ್ದ. ಅಕ್ಕ ನಂಬಿದಳು. ನಂಬದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅನ್ನಿಸಿದೆಯೋ.

ಹೋಟೆಲಿನಲ್ಲಿ ಅಕ್ಕ ಅರ್ಧ ಮುದ್ದೆ ಉಂಡು, ಉಳಿದದ್ದನ್ನು ಅವನ ತಟ್ಟೆಗೆ ಹಾಕಿದಳು. ಕಾಲೇಜಿಗೆ ಆಟೋದಲ್ಲಿ ಹೋಗುವಾಗ ಡ್ರೈವರಿಗೆ, ಕೇಳದಿದ್ದರೂ, ತೆಲುಗಿನಲ್ಲಿ ಹೇಳಿದಳು, ಇವನು ನನ್ನ ತಮ್ಮ, ಸಿನಿಮಾದಲ್ಲಿ ಗೆದ್ದವನು ಎಂದು. ಲೋಕದಲ್ಲೆಲ್ಲ ಕರಿ ಹುಲಿ ಸೋತಿದ್ದ, ಅಗಳಿಯೊಂದರಲ್ಲಿ ಗೆದ್ದಿದ್ದ. ಅದಕ್ಕೂ ಅಂಜಿನಿಯೇ ಕಾರಣ. ಊರಿಗೆ ಟೆಂಟ್ ಸಿನಿಮಾ ಬಂದ ದಿನ, ಅಕ್ಕ ಎಲ್ಲರಿಗಿಂತ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದನ್ನು ನೋಡಿ, ಅವನು ಸಿನಿಮಾ ಓಡಿಸುವ ಮಿಷನ್ನಿನವನ ಕಾಲು ಹಿಡಿಯುವುದೊಂದು ಬಾಕಿ, ಕೊನೆಯ ರೀಲು ಹಾಕಬೇಡ ಎಂದು ಬೇಡಿಕೊಂಡಿದ್ದ. ಆತ ಬೀಡಿ ಕಚ್ಚಿಕೊಂಡು, ಹೀರೋನ ಅಣ್ಣನಿಗೆ ನೀನು ಹೊಡೀತೀಯಲ್ಲ, ಅಲ್ಲಿಗೇ ದೀಪ ಹಾಕ್ತೀನಿ ಬಿಡು ಎಂದ. ಹಾಗೇ ಮಾಡಿದ. ಜನ ಅಂಜಿನಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಂದೆ ಒಬ್ಬ ಸಿರಾದಲ್ಲಿ ಪೂರ್ತಿ ಸಿನಿಮಾ ನೋಡಿ ಬಂದು, ಕೊನೆಗೆ ಅಂಜಿನಿ ಒದೆ ತಿಂದು ಬೀಳುತ್ತಾನೆ ಎಂದಾಗ, ನೀನು ಬೇರೆ ಯಾವುದೋ ಸಿನಿಮಾಕ್ಕೆ ಹೋಗಿದ್ದೆ ಎಂದು ಅವನನ್ನೇ ಗೇಲಿ ಮಾಡಿ ಓಡಿಸಿದರು. ಸೋತದ್ದು ತಿಳಿಯಬಾರದೆಂದು ಅಂಜಿನಿ ಹಾಗೆ ಮಾಡಿದ್ದಲ್ಲ. ಸೋಲಿಗೆ ಅವನಿಗೆ ಯಾವ ನಾಚಿಕೆಯೂ ಇರಲಿಲ್ಲ. ಆ ರೀಲಿನಲ್ಲಿ ಬೇರೆಯದೇ ಇತ್ತು. ಮಣ್ಣು ಹಾಕಿದ ಮರುದಿನ ಬೆಳಗ್ಗೆ ತೆಗೆದದ್ದು ಅದು. ಬೀಳು ಎಂದರು, ಬಿದ್ದ. ಇದು ಸತ್ತ ಹಾಗಿಲ್ಲ, ಮತ್ತೆ ಬೀಳು ಎಂದರು. ಎಂಟು ಸಲ ಬಿದ್ದ. ಒಂಬತ್ತನೆಯ ಸಲ ಮೈಯಲ್ಲಿ ತ್ರಾಣವಿಲ್ಲದೆ ಬಿದ್ದವನು, ಹಿಂದಿನ ದಿನ ಅಪ್ಪನನ್ನು ಕಂಡ ಹಾಗೆ ಮಲಗಿಬಿಟ್ಟ. ಬಾಯಿ ತುಸು ತೆರೆದು, ಎಡಗಣ್ಣು ಪೂರ್ತಿ ಮುಚ್ಚದೆ, ಕೆನ್ನೆ ಒಂದು ಕಡೆಗೆ ಜೋತು. ಬೇಕೆಂದು ಮಾಡಲಿಲ್ಲ. ಕ್ಯಾಮರಾ ಹತ್ತಿರ ಬಂದು, ಸುಮಾರು ಹೊತ್ತು ಅಲ್ಲೇ ಇತ್ತು.

ಕಾಲೇಜಿನ ಹಾಲಿನಲ್ಲಿ ಕಿಟಕಿಗಳಿಗೆಲ್ಲ ನೀಲಿ ಪರದೆ ಹಾಕಿದ್ದರು. ಮೇಡಂ ಅಕ್ಕನನ್ನು ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂಡಿಸಿದರು. ಸಿನಿಮಾ ಶುರುವಾಯಿತು. ಕಪ್ಪು ಮುಖ ಮೊದಲ ಸಲ ಪರದೆ ತುಂಬಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಮೇಡಂ ತಿರುಗಿ ನೋಡಿದ ಮೇಲೆ ನಗು ನಿಂತಿತು. ಅಕ್ಕ ಮಾತ್ರ ಮುಂದಕ್ಕೆ ಬಾಗಿದಳು. "ಭುಜ ನೋಡ್ಲಾ," ಎಂದು ಪಿಸುಗುಟ್ಟಿದಳು. ಅಂಜಿನಿ ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದ. ಅವಳ ಮುಖದ ಮೇಲೆ ಬೆಳಕು ಬಂದು ಹೋಗುತ್ತಿತ್ತು. ಅಷ್ಟು ಜನರ ನಡುವೆ, ಕೈಯಳತೆಯಲ್ಲೇ ಅಕ್ಕ ಕೂತಿದ್ದರೂ, ತನ್ನಷ್ಟು ಒಂಟಿ ಯಾರೂ ಇಲ್ಲ ಎನ್ನಿಸಿತು. ಹೀರೋನ ಅಣ್ಣ ಬಿದ್ದ. ಅಗಳಿಯ ಸಿನಿಮಾ ಮುಗಿಯುತ್ತಿದ್ದದ್ದು ಅಲ್ಲಿಗೆ. ಅಕ್ಕ ದೀಪ ಹಾಕುತ್ತಾರೆಂದು ಸೆರಗು ಸರಿಮಾಡಿಕೊಂಡಳು. ದೀಪ ಬರಲಿಲ್ಲ.

"ಆಯ್ತು ಬಾ ಅಕ್ಕ, ಟೀ ಕುಡ್ಯಾನ," ಎಂದು ಅಂಜಿನಿ ಅವಳ ಮೊಣಕೈ ಹಿಡಿದ.

"ಇನ್ನೂ ಐತಲ್ಲೋ."

"ಇನ್ನೇನಿಲ್ಲ. ಬರೀ ಹಾಡು."

"ಹಾಡೇ ನೋಡಾನ ಕುತ್ಕೊ."

ಹಾಡಿರಲಿಲ್ಲ. ಗಂಟೆ ಹೊಡೆಯಿತು. ಬಿಳಿಯ ಹೀರೋ ಹೊಡೆದ, ಕರಿ ಹುಲಿ ತೂರಾಡಿದ. ಹೀರೋನ ಕೆಂಪು ಗ್ಲೌಸಿಗೆ ಕಪ್ಪು ಬಣ್ಣ ಮೆತ್ತಿಕೊಂಡದ್ದು, ತೊಳೆದು ಹೊಸದು ಮಾಡಿದ ಈ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಡಂ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡರು. ಮುನ್ನೂರು ಜನ ಎದ್ದು ನಿಂತು, ಹೊಡಿ ಆ ಕರಿಯನಿಗೆ ಎಂದು ಕೂಗಿದರು. ಅಕ್ಕನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಅವನು ಬಿದ್ದ. ಕ್ಯಾಮರಾ ಹತ್ತಿರ ಬಂತು. ಗೋಡೆಯಷ್ಟು ದೊಡ್ಡದಾಗಿ ಆ ಮುಖ ಮಲಗಿತು. ಅಕ್ಕ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು, ಹೊರಗೆ ಬಿಟ್ಟದ್ದು ಕೇಳಿಸಲಿಲ್ಲ. ಅವಳಿಗೆ ತಿಳಿದುಹೋಯಿತು ಎಂದು ಅಂಜಿನಿಗೆ ತಿಳಿಯಿತು. ತಮ್ಮನೊಬ್ಬ ಸುಮ್ಮನೆ ಸತ್ತ ಹಾಗೆ ಮಲಗಿದ್ದಲ್ಲ ಅದು, ಅಪ್ಪನ ಕೊನೆಯ ಮುಖ ನೋಡಿದವನು ಮಲಗಿದ್ದು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅವನು ಅವಳ ಕಿವಿಯ ಹತ್ತಿರ ಬಾಗಿದ.

"ಅಕ್ಕ, ಅವತ್ತು ನೀನು ಬಸ್ ಹತ್ತಿರೋದು ನಂಗೆ ಗೊತ್ತಿತ್ತು. ಕಂಡಕ್ಟರು ಹೇಳಿದ್ದ. ಗೊತ್ತಿದ್ದೂ ಮಣ್ಣು ಹಾಕ್ಸಿದೆ. ಈ ಸಿನಿಮಾಕ್ಕೆ ಹೊತ್ತಾಗ್ತಿತ್ತು ಕಣಕ್ಕ."

ಅಕ್ಕ ತಿರುಗಲಿಲ್ಲ. "ಸುಮ್ಕಿರು. ನೋಡ್ತಿದೀನಿ," ಎಂದಳು.

ಅಷ್ಟರಲ್ಲಿ ಮುಖ ಹೋಗಿ ಹೀರೋನ ತಾಯಿ ಓಡಿ ಬಂದಳು, ಹೂವು ಬಿತ್ತು, ಹೆಸರುಗಳು ಬಂದವು, ಮತ್ತು ಇತರರು ಎಂದಾಯಿತು. ದೀಪ ಹಾಕಿದರು. ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಯಾರಿಗೆಂದು ಅವರಿಗೂ ಗೊತ್ತಿರಲಿಲ್ಲವೇನೋ. ಮೇಡಂ ಅಂಜಿನಿಯನ್ನು ವೇದಿಕೆಗೆ ಕರೆದು, ಕೈಗೆ ಮೈಕು ಕೊಟ್ಟು, ಗೌರವದಿಂದಲೇ ಕೇಳಿದರು, "ಆವತ್ತ ಆ ಬಣ್ಣ ಬಳಿಸ್ಕೊಂಡು ಅಲ್ಲಿ ಬಿದ್ದಾಗ ನಿಮಗ ಏನನ್ನಿಸ್ತು, ಹೇಳ್ರಿ." ಹಾಲಿನಲ್ಲಿ ಎಲ್ಲರೂ ಕಾದರು. ಹಿಂದಿನ ಸಾಲಿನಲ್ಲಿ ಯೋಗೀಶನೂ ಕತ್ತು ಉದ್ದ ಮಾಡಿ ಕೂತಿದ್ದ. ಅಂಜಿನಿಗೆ ಅಕ್ಕ ಮಾತ್ರ ಕಾಣುತ್ತಿದ್ದಳು. ಅವಳು ಇನ್ನೂ ಖಾಲಿ ಪರದೆಯನ್ನು ನೋಡುತ್ತಿದ್ದಳು.

"ಮೇಡಂ," ಎಂದ. ಮೈಕಿನಲ್ಲಿ ದನಿ ದೊಡ್ಡದಾಗಿ ಬಂತು, ಅವನಿಗೇ ಹೊಸದೆನ್ನಿಸಿತು. "ನಾನು ಬೀಳೋದು ಇನ್ನೊಂದ್ಸಲ ಹಾಕ್ಸಿ. ಮುಖ ಬಂದಾಗ ನಿಲ್ಸಿಬಿಡ್ಲಿ. ನಮ್ಮಕ್ಕ ನೋಡ್ಬೇಕು."

ಮೇಡಮ್ಮಿಗೆ ಅರ್ಥವಾಗಲಿಲ್ಲ. ಅವನ ಮುಖ ನೋಡಿ, ಕೇಳದೆ, ಲ್ಯಾಪ್‌ಟಾಪಿನ ಬಳಿ ತಾವೇ ಹೋದರು. ದೀಪ ಆರಿತು. ಕರಿ ಹುಲಿ ಮತ್ತೆ ತೂರಾಡಿ ಮತ್ತೆ ಬಿದ್ದ. ಮುಖ ಬಂದು ನಿಂತಿತು. ಅಕ್ಕ ಎದ್ದಳು. ಮಂಡಿ ಹಿಡಿದುಕೊಂಡು ಎರಡು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಅವಳ ನೆರಳು ಆ ಮುಖದ ಗದ್ದದ ಮೇಲೆ ಬಿತ್ತು, ಪಕ್ಕಕ್ಕೆ ಸರಿದು ನಿಂತಳು. ಅಂಜಿನಿ ಮೈಕು ಕೆಳಗಿಟ್ಟು, ಬೀಳದಿರಲೆಂದು ಅವಳ ತೋಳು ಹಿಡಿಯಲು ಹೋದ.

ಅಕ್ಕ ತೋಳು ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಬಸ್ಸಿನ ಮೆಟ್ಟಿಲಲ್ಲಿ ಬಿಡಿಸಿಕೊಂಡಷ್ಟೇ ಸಹಜವಾಗಿ.

"ನೀನು ಅವತ್ತೇ ನೋಡಿದೀಯಲ್ಲ," ಎಂದಳು. "ಆಚೆಗಿರು ಹೋಗು."

ಅಂಜಿನಿ ವೇದಿಕೆ ಇಳಿದ. ಸಾಲುಗಳ ನಡುವೆ ನಡೆದ. ಕಾಲು ಚಾಚಿಕೊಂಡಿದ್ದವರು ಒಬ್ಬೊಬ್ಬರಾಗಿ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಬಾಗಿಲು ತೆರೆದು ಹೊರಗೆ ಬಂದು, ಅದನ್ನು ಸದ್ದಾಗದ ಹಾಗೆ ಎಳೆದುಕೊಂಡ. ವರಾಂಡದಲ್ಲಿ ಯಾರೂ ಇರಲಿಲ್ಲ. ಕೆಳಗೆ ಅಂಗಳದಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ, ಐದಾಗಿತ್ತೋ ಇಲ್ಲವೋ. ಒಳಗಿನಿಂದ ಅಕ್ಕನ ದನಿ ಬಂತು. ಸತ್ತ ಮನೆಯಲ್ಲಿ ಹೆಣ್ಣುಮಕ್ಕಳು ಹಾಡಿಕೊಂಡು ಅಳುವ ಹಾಗೆ, ಅಪ್ಪಯ್ಯ ಎಂದು ಎಳೆದು, ಅಪ್ಪನ ಹೆಸರು ಹೇಳಿ, ಕುರಿಗಳ ಹೆಸರು ಹೇಳಿ, ನಾನು ಬಂದೆ ಕಣಪ್ಪ, ಬಸ್ಸು ಸಿಕ್ತು ಕಣಪ್ಪ ಎಂದು ಅಳತೊಡಗಿದಳು. ಅಂಜಿನಿಗೂ ಅಳು ಬಂತು. ಒಳಗೆ ಹೋಗಿ ಅಕ್ಕನ ಪಕ್ಕ ನಿಂತು ಅಳಬೇಕೆಂದು ಬಾಗಿಲ ಹಿಡಿಗೆ ಕೈ ಹಾಕಿದ, ಹಿಂದಕ್ಕೆಳೆದುಕೊಂಡ. ಅವಳು ಕರೆಯುವವರೆಗೆ ಅಲ್ಲೇ ನಿಲ್ಲುವುದೆಂದು ನಿಂತ.